ಮಿಲಿಟರಿ ಮಕ್ಕಳ ಶಾಲೆಗೆ ಮಗಳನ್ನು ಸೇರಿಸಬಹುದಾ ಎಂದು ಕೇಳಿದ ತಂಗಿಗೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಜಮಾನರಿಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕೆಲಸ ಸಿಕ್ಕಿದೆ. ಜುಲೈನಲ್ಲಿ ಬೆಳಗಾವಿಯಿಂದ ಹೊರಡುತ್ತೀರಿ. ಮಗಳು ಒಂಬತ್ತನೇ ಕ್ಲಾಸ್ ಮುಗಿಸಿದ್ದಾಳೆ. ಆ ಊರಿನ ಟಿಯೆರಾಸಾಂಟಾ ಬಡಾವಣೆಯಲ್ಲಿ ಬಾಡಿಗೆ ಮನೆ ಇಷ್ಟವಾಗಿದೆ, ಆದರೆ ಅಲ್ಲಿನ ಕ್ಯಾನ್ಯನ್ ಹಿಲ್ಸ್ ಹೈಸ್ಕೂಲಿನಲ್ಲಿ ಮಿಲಿಟರಿಯವರ ಮಕ್ಕಳು ತುಂಬಾ ಇದ್ದಾರೆ, ವರ್ಷ ವರ್ಷ ಬಂದು ಹೋಗುತ್ತಿರುತ್ತಾರೆ, ಒರಟು ಮಕ್ಕಳು, ಬೇರೆ ಕಡೆ ನೋಡಿ ಎಂದು ಯಾರೋ ಹೇಳಿದ್ದಾರೆ. "ಅಕ್ಕ, ನನ್ನ ಮಗಳು ಮೊದಲೇ ಮಾತು ಕಡಿಮೆ. ಅಂಥ ಕಡೆ ಅವಳಿಗೆ ಯಾರು ಸಿಗುತ್ತಾರೆ?" ಎಂದು ಕೇಳಿದ್ದೀರಿ.

ಅಕ್ಕ ಎಂದು ಕರೆದಿದ್ದೀರಿ, ಅಕ್ಕನ ಹಾಗೇ ಹೇಳುತ್ತೇನೆ. ಆ ಮನೆ ಬಿಡಬೇಡಿ. ನನ್ನ ಇಬ್ಬರು ಮಕ್ಕಳೂ ಅದೇ ಶಾಲೆಯಲ್ಲಿ ಓದಿ ಹೊರಬಂದರು. ಅವರು ಸೇರಿದಾಗ ಅದರ ಹೆಸರು ಸೆರ್ರಾ ಹೈಸ್ಕೂಲು. 2021ರಲ್ಲಿ ಹೆಸರು ಬದಲಾಯಿತು. ಮಾತು ಕಡಿಮೆಯ ಹುಡುಗಿಗೆ ಅಂಥ ಶಾಲೆಯೇ ಒಳ್ಳೆಯದು ಎನ್ನುವುದು ನನ್ನ ಅನುಭವ.

ಹಾಸನದಿಂದ ನಾವು ಅಮೆರಿಕಕ್ಕೆ ಬಂದದ್ದು 2011ರಲ್ಲಿ. ಮೊದಲು ಇದ್ದದ್ದು ಬೇರೆ ರಾಜ್ಯದ ಒಂದು ಸಣ್ಣ ಊರು. ಆಗ ಮಗನೂ ನಿಮ್ಮ ಮಗಳ ಹಾಗೇ ಒಂಬತ್ತು ಮುಗಿಸಿ ಬಂದಿದ್ದ. ಅಲ್ಲಿನ ಶಾಲೆಯಲ್ಲಿ ಎಲ್ಲರೂ ನರ್ಸರಿಯಿಂದ ಜೊತೆಗೆ ಬೆಳೆದವರು. ಯಾರೂ ಅವನಿಗೆ ಕೆಟ್ಟದ್ದು ಮಾಡಲಿಲ್ಲ, ಆದರೆ ಊಟದ ಹೊತ್ತಿಗೆ ಯಾವ ಟೇಬಲ್ಲಿನಲ್ಲೂ ಜಾಗ ಇರುತ್ತಿರಲಿಲ್ಲ. ನವೆಂಬರ್ ತನಕ ಲೈಬ್ರರಿಯಲ್ಲಿ ಕೂತು ಡಬ್ಬಿ ತಿಂದ. ಅವನ ಹಳೇ ಮಾರ್ಕ್ಸ್ ಕಾರ್ಡ್ ಅಲ್ಲಿನವರಿಗೆ ಅರ್ಥವೇ ಆಗಲಿಲ್ಲ. ಹಾಸನದಲ್ಲಿ ಕಲಿತು ಮುಗಿಸಿದ ಬೀಜಗಣಿತವನ್ನೇ ಮತ್ತೆ ಒಂದು ವರ್ಷ ಕಲಿಸಿದರು. ಆ ವರ್ಷ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

2013ರಲ್ಲಿ ಸ್ಯಾನ್ ಡಿಯಾಗೋಗೆ ಬಂದೆವು. ಮಗನಿಗೆ ಆಗ ಹನ್ನೆರಡನೇ ಕ್ಲಾಸ್. ಕೊನೇ ವರ್ಷ ಶಾಲೆ ಬದಲಾಯಿಸುವುದು ಎಂದರೆ ನನಗೆ ನಿದ್ದೆ ಇರಲಿಲ್ಲ. ಇಲ್ಲಿನ ಕೌನ್ಸೆಲರ್, ಅಂದರೆ ಯಾವ ಮಗು ಯಾವ ಕ್ಲಾಸಿಗೆ ಎಂದು ನೋಡಿಕೊಳ್ಳುವವರು, ಫೈಲ್ ತೆರೆದು, ಎರಡು ದೇಶದ, ಮೂರು ಶಾಲೆಯ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡರು. ಗಾಬರಿ ಆಗಲಿಲ್ಲ. ಹಿಂದಿನ ವಾರವಷ್ಟೇ ಜಪಾನಿನ ನೌಕಾನೆಲೆಯಿಂದ ಬಂದ ಹುಡುಗನಿಗೂ ಇದನ್ನೇ ಮಾಡಿದೆ ಎಂದರು. ಒಂದು ಗಂಟೆಯಲ್ಲಿ ಯಾವ ಕ್ರೆಡಿಟ್ ಸಿಗುತ್ತದೆ, ಯಾವುದು ಬಾಕಿ ಎಂದು ಬರೆದುಕೊಟ್ಟರು. ಹೊಸಬರನ್ನು ಸೇರಿಸಿಕೊಳ್ಳುವುದು ಇಂಥ ಶಾಲೆಗಳ ದಿನನಿತ್ಯದ ಕೆಲಸ. ಅದಕ್ಕೇ ಅವರಿಗೆ ಅದು ಗೊತ್ತು.

ಇಷ್ಟು ಮಿಲಿಟರಿ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ನೀವು ಬೆಳಗಾವಿಯವರು, ಅಲ್ಲಿನ ಸೈನ್ಯದ ಕ್ಯಾಂಪ್ ನೋಡಿದ್ದೀರಿ, ಅಲ್ವಾ? ನಮ್ಮಲ್ಲಿ ಸೈನ್ಯದವರ, ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಎಂದೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಶುರುವಾದವು. ಅಪ್ಪನಿಗೆ ಜೋಧಪುರಕ್ಕೆ ವರ್ಗವಾದರೂ ಪಾಠ ಅದೇ, ಪುಸ್ತಕ ಅದೇ. ಅಮೆರಿಕದಲ್ಲಿ ಮಿಲಿಟರಿಯವರದೇ ಶಾಲೆಗಳು ಇವೆ, ಆದರೆ ಅವು ಹೆಚ್ಚಾಗಿ ಹೊರದೇಶದ ನೆಲೆಗಳಲ್ಲಿ. ದೇಶದೊಳಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಮಕ್ಕಳು ನಿಮ್ಮ ನಮ್ಮ ಮಕ್ಕಳ ಜೊತೆ ಮಾಮೂಲಿ ಶಾಲೆಯಲ್ಲೇ ಓದುತ್ತಾರೆ. ಒಂದೊಂದು ರಾಜ್ಯದ್ದೂ ಒಂದೊಂದು ಸಿಲಬಸ್, ಪಾಸಾಗಲು ಒಂದೊಂದು ನಿಯಮ. ಒಂದನೇ ಕ್ಲಾಸಿನಿಂದ ಹನ್ನೆರಡರ ತನಕ ಒಬ್ಬ ಮಿಲಿಟರಿ ಮಗು ಸಾಮಾನ್ಯವಾಗಿ ಆರರಿಂದ ಒಂಬತ್ತು ಸಲ ಶಾಲೆ ಬದಲಾಯಿಸುತ್ತದೆ ಎಂದು ಹೇಳುತ್ತಾರೆ. ಟೆಕ್ಸಾಸ್ ಚರಿತ್ರೆ ಓದಿದ ಹುಡುಗಿ ವರ್ಜೀನಿಯಾಕ್ಕೆ ಹೋದರೆ ವರ್ಜೀನಿಯಾ ಚರಿತ್ರೆ ಬೇಕು ಎನ್ನುತ್ತಿದ್ದರು. ಈ ಗೋಳಿಗೆ ಪರಿಹಾರ ಎಂದು 2008ರಲ್ಲಿ ರಾಜ್ಯಗಳ ನಡುವೆ ಒಂದು ಒಪ್ಪಂದ ಶುರುವಾಯಿತು. ಈಗ 50 ರಾಜ್ಯಗಳೂ ಅದರಲ್ಲಿವೆ. ಮೂಲ ಕಾಗದ ಬರುವ ಮೊದಲೇ ಶಾಲೆಗೆ ಸೇರಿಸಿಕೊಳ್ಳಬೇಕು, ಹಳೇ ಶಾಲೆಯಲ್ಲಿ ಯಾವ ಮಟ್ಟದ ಕ್ಲಾಸಿನಲ್ಲಿದ್ದರೋ ಅದೇ ಮಟ್ಟದಲ್ಲಿ ಕೂರಿಸಬೇಕು, ಲಸಿಕೆ ಬಾಕಿ ಇದ್ದರೆ 30 ದಿನ ಸಮಯ ಕೊಡಬೇಕು. ಹೀಗೆ ಅದರಲ್ಲಿ ಹಲವು ಸೌಲಭ್ಯಗಳಿವೆ.

ಒಂದು ಮಾತು ನೆನಪಿರಲಿ. ಆ ಒಪ್ಪಂದ ಸೈನ್ಯದಲ್ಲಿರುವವರ ಮಕ್ಕಳಿಗೆ ಮಾತ್ರ. ನಿಮ್ಮ ಮಗಳಿಗೆ ಆ 30 ದಿನ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲಸಿಕೆ ವಿಷಯ ತುಂಬಾ ಕಟ್ಟುನಿಟ್ಟು. ಚಿಕನ್‌ಪಾಕ್ಸ್ ಲಸಿಕೆ ಎರಡು ಡೋಸ್, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡು, ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ) ಒಂದು, ಇವು ಆಗಿವೆಯಾ ಎಂದು ಈಗಲೇ ನಿಮ್ಮ ಡಾಕ್ಟರ ಹತ್ತಿರ ನೋಡಿಸಿ. ನಮ್ಮ ಕಡೆ ಚಿಕನ್‌ಪಾಕ್ಸ್ ಡೋಸ್ ಬಿಟ್ಟುಹೋಗಿರುವುದು ಜಾಸ್ತಿ. ತಾರೀಕು ಸಮೇತ ಇಂಗ್ಲಿಷಿನಲ್ಲಿ ಬರೆಸಿ, ಸೀಲ್ ಹಾಕಿಸಿ. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಅಂತೂ ಕೈಬ್ಯಾಗಿನಲ್ಲೇ ಇರಲಿ. ಇಲ್ಲಿ ಕಾಲೇಜಿಗೆ ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ವರ್ಷವೂ ಲೆಕ್ಕಕ್ಕೆ ಬರುತ್ತದೆ. ಗಣಿತ, ವಿಜ್ಞಾನದ ಪುಸ್ತಕದ ಪರಿವಿಡಿ ಪುಟಗಳನ್ನೂ ಜೆರಾಕ್ಸ್ ಮಾಡಿಸಿಕೊಳ್ಳಿ. ಮಗ ಕಳೆದುಕೊಂಡ ಆ ವರ್ಷದಿಂದ ನಾನು ಕಲಿತದ್ದು ಇದು.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, ಅವಳಿಗೆ ಯಾರು ಸಿಗುತ್ತಾರೆ ಎನ್ನುವುದು. ನನ್ನ ಮಗಳ ಕಥೆ ಹೇಳುತ್ತೇನೆ.

2019ರ ಆಗಸ್ಟ್. ಮಗಳು ಹತ್ತನೇ ಕ್ಲಾಸ್. ಅವಳ ಹಳೇ ಗೆಳತಿಯರಲ್ಲಿ ಇಬ್ಬರು ಆ ಬೇಸಿಗೆಯಲ್ಲೇ ಊರು ಬಿಟ್ಟಿದ್ದರು. ಒಬ್ಬಳೇ ಕೂತಿದ್ದಾಗ ಒಂದು ಹುಡುಗಿ ತಟ್ಟೆ ಹಿಡಿದು ಬಂದು, "ನಾನು ಬಂದು ಮೂರು ವಾರ ಆಯಿತು, ನೀನೂ ಹೊಸಬಳಾ?" ಎಂದು ಕೇಳಿದಳಂತೆ. ವರ್ಷಾನುಗಟ್ಟಲೆ ಅಲ್ಲೇ ಇದ್ದ ನನ್ನ ಮಗಳನ್ನು ಮೂರು ವಾರದ ಹೊಸಬಳು ಮಾತಾಡಿಸಿದ್ದಳು. ಎಷ್ಟೋ ಸಲ ಹೊಸ ಶಾಲೆಯ ಬಾಗಿಲಲ್ಲಿ ನಿಂತ ಮಕ್ಕಳು ಅವರು. ಒಂಟಿಯಾಗಿ ಕೂತವರು ಅವರ ಕಣ್ಣಿಗೆ ಬೇಗ ಬೀಳುತ್ತಾರೆ.

ಆ ಹುಡುಗಿಯ ಅಪ್ಪ ಅಬ್ರಹಾಂ ಲಿಂಕನ್ ಎಂಬ ವಿಮಾನವಾಹಕ ಹಡಗಿನಲ್ಲಿದ್ದರು. 2019ರ ಏಪ್ರಿಲ್ 1ರಂದು ಆ ಹಡಗು ವರ್ಜೀನಿಯಾದ ನಾರ್ಫೋಕಿನಿಂದ ಹೊರಟಿತ್ತು. ಕೊನೆಗೆ ಬಂದು ನಿಲ್ಲಬೇಕಾದದ್ದು ಸ್ಯಾನ್ ಡಿಯಾಗೋದಲ್ಲಿ, ಇನ್ನು ಮುಂದೆ ಅದರ ನೆಲೆ ಇಲ್ಲೇ. ಹೀಗಾಗಿ ಅಪ್ಪ ಸಮುದ್ರದಲ್ಲಿ ಇರುವಾಗಲೇ ತಾಯಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ದೇಶದ ಆ ತುದಿಯಿಂದ ಈ ತುದಿಗೆ ಮನೆ ಸಾಗಿಸಿದ್ದರು. ಹಡಗು ವಾಪಸ್ ಬರುವ ಗಡುವು ಮುಂದೆ ಮುಂದೆ ಹೋಯಿತು. ಅಂತೂ ಅದು ಬಂದದ್ದು 2020ರ ಜನವರಿ 20ಕ್ಕೆ. 295 ದಿನ. ವಿಯೆಟ್ನಾಂ ಯುದ್ಧದ ನಂತರ ಅಲ್ಲಿಯವರೆಗೆ ಯಾವ ವಿಮಾನವಾಹಕ ಹಡಗೂ ಅಷ್ಟು ದಿನ ಹೊರಗೆ ಇದ್ದಿರಲಿಲ್ಲ. ತನ್ನ ಮಕ್ಕಳು ಮಲಗುವ ಕೋಣೆ ಎಲ್ಲಿದೆ ಎಂದು ಆ ಅಪ್ಪ ಮೊದಲ ಸಲ ನೋಡಿದ್ದು ಅವತ್ತು.

ಆ ಐದು ತಿಂಗಳು ಆ ಹುಡುಗಿ ನಮ್ಮ ಮನೆಯಲ್ಲೇ ಜಾಸ್ತಿ ಇದ್ದಳು. ಚಿತ್ರಾನ್ನ ಎಂದರೆ ಪ್ರಾಣ. ಅಪ್ಪ ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಎಂದು ನಾನು ಮೊದಲೆಲ್ಲ ಕೇಳುತ್ತಿದ್ದೆ. ಅವಳು ಸುಮ್ಮನೆ ನಗುತ್ತಿದ್ದಳು. ಆಮೇಲೆ ಗೊತ್ತಾಯಿತು, ಹಡಗು ಎಲ್ಲಿದೆ, ಯಾವತ್ತು ಬರುತ್ತದೆ ಎಂದು ಮನೆಯವರು ಹೊರಗೆ ಹೇಳುವ ಹಾಗಿಲ್ಲ. ನೀವೂ ಕೇಳಬೇಡಿ, ಮಗಳಿಗೂ ಹೇಳಿಕೊಡಿ. ಅದರ ಬದಲು ಊಟಕ್ಕೆ ಕರೆಯಿರಿ. ಒಬ್ಬಳೇ ಮನೆ ನಿಭಾಯಿಸುವ ಆ ತಾಯಿಗೆ ಒಂದು ಸಂಜೆ ಅಡುಗೆ ತಪ್ಪಿದರೆ ಅದೇ ದೊಡ್ಡ ಉಪಕಾರ.

2021ರ ಜೂನಿನಲ್ಲಿ ಅವರಿಗೆ ವರ್ಗದ ಆರ್ಡರ್ ಬಂತು. ಮಗಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಈ ಶಾಲೆಯಲ್ಲಿ ಸ್ನೇಹ ಬೇಗ ಆಗುತ್ತದೆ, ಆದರೆ ಎರಡು ಮೂರು ವರ್ಷಕ್ಕೆ ಆ ಗೆಳತಿ ಹೊರಡುತ್ತಾಳೆ. ಹೋಗುವವರ ಜೊತೆ ಯಾಕೆ ಜಾಸ್ತಿ ಹಚ್ಚಿಕೊಳ್ಳುತ್ತೀಯ, ನಮ್ಮವರ ಮಕ್ಕಳ ಜೊತೆ ಇರು ಎಂದು ನಾನು ಒಂದು ಸಲ ಅಂದೆ. ಹಾಗೆ ಹೇಳಬಾರದಿತ್ತು. ನೀವು ನಿಮ್ಮ ಮಗಳಿಗೆ ಹಾಗೆ ಹೇಳಬೇಡಿ. ನಾಲ್ಕು ವರ್ಷ ಆದಮೇಲೂ ಆ ಇಬ್ಬರು ಪ್ರತಿ ಭಾನುವಾರ ಮಾತಾಡುತ್ತಾರೆ.

ಅಲ್ಲಿನ ಮಕ್ಕಳು ಒರಟು ಎನ್ನುವ ಮಾತನ್ನು ನಂಬಬೇಡಿ. ಮಿಲಿಟರಿ ಮಕ್ಕಳು ಎಂದರೆ ಒಂದೇ ಥರ ಅಲ್ಲ. ಫಿಲಿಪಿನೋ ಮನೆತನದವರು ತುಂಬಾ ಜನ. 1992ರ ತನಕ ಅಮೆರಿಕದ ನೌಕಾಪಡೆ ಫಿಲಿಪೀನ್ಸಿನಿಂದಲೇ ನೇರವಾಗಿ ಜನರನ್ನು ಸೇರಿಸಿಕೊಳ್ಳುತ್ತಿತ್ತು. ಆ ಕುಟುಂಬಗಳು ಈ ಊರಿನಲ್ಲೇ ನೆಲೆ ನಿಂತಿವೆ. ಅನ್ನ ತಿನ್ನುವವರು, ಹಿರಿಯರ ಕೈ ಹಣೆಗೆ ಒತ್ತಿಕೊಂಡು ನಮಸ್ಕಾರ ಮಾಡುವವರು. ನಿಮ್ಮ ಮಗಳಿಗೆ ಅವರ ಮನೆ ಪರಕೀಯ ಅನ್ನಿಸುವುದಿಲ್ಲ.

ಸೈನ್ಯಕ್ಕೆ ಎಳೆದುಕೊಂಡು ಬಿಡುತ್ತಾರಾ ಎಂದೂ ಕೇಳಿದ್ದೀರಿ. ಅಮೆರಿಕದ ಕಾನೂನಿನ ಪ್ರಕಾರ ಕೇಂದ್ರದ ಹಣ ಪಡೆಯುವ ಹೈಸ್ಕೂಲು, ಸೈನ್ಯಕ್ಕೆ ಜನ ಸೇರಿಸುವ ಅಧಿಕಾರಿಗಳು ಕೇಳಿದರೆ ಮಕ್ಕಳ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ತಂದೆ ತಾಯಿ ಬೇಡ ಎಂದು ಬರೆದುಕೊಟ್ಟರೆ ಕೊಡುವ ಹಾಗಿಲ್ಲ. ಶಾಲೆಯ ವರ್ಷದ ಶುರುವಿನಲ್ಲಿ ಬರುವ ಕಾಗದಗಳಲ್ಲೇ ಇದೂ ಇರುತ್ತದೆ. ಹೇಗೂ ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲಿ, ಇರುವ ಮಗು ಸೈನ್ಯಕ್ಕೆ ಸೇರಲು ಆಗುವುದಿಲ್ಲ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಹಲವು ಹೈಸ್ಕೂಲುಗಳಲ್ಲಿ ಜೆಆರ್‌ಒಟಿಸಿ ಎಂಬ ಕ್ಲಾಸ್ ಇರುತ್ತದೆ, ನಮ್ಮ ಎನ್‌ಸಿಸಿ ಥರ. ವಾರಕ್ಕೊಂದು ದಿನ ಯೂನಿಫಾರ್ಮ್, ಪರೇಡ್. ಅದನ್ನು ತೆಗೆದುಕೊಂಡರೆ ಸೈನ್ಯಕ್ಕೆ ಸೇರಲೇಬೇಕು ಎಂದೇನಿಲ್ಲ.

ಆ ಕಾಗದದ ಕಟ್ಟಿನಲ್ಲಿ ಇನ್ನೊಂದು ಫಾರಂ ಇರುತ್ತದೆ. ನೀವು ಎಲ್ಲಿ ವಾಸ, ಎಲ್ಲಿ ಕೆಲಸ, ಆ ಜಾಗ ಕೇಂದ್ರ ಸರ್ಕಾರದ್ದಾ ಎಂದು ಕೇಳುತ್ತದೆ. ವೀಸಾ ವಿಚಾರಣೆ ಇರಬಹುದು ಎಂದು ನಮ್ಮವರು ಹೆದರಿ ಹಾಗೇ ಇಟ್ಟುಬಿಡುತ್ತಾರೆ. ಅದು ಹಾಗಲ್ಲ. ಇಲ್ಲಿ ಶಾಲೆಗೆ ಮನೆ-ಜಮೀನಿನ ತೆರಿಗೆಯಿಂದ ಹಣ ಬರುತ್ತದೆ. ಮಿಲಿಟರಿ ಜಮೀನಿಗೆ ತೆರಿಗೆ ಇಲ್ಲ. ಆ ನಷ್ಟ ತುಂಬಿಕೊಡಲು 1950ರಿಂದ ಒಂದು ಕಾನೂನು ಇದೆ. ಅಂಥ ಜಮೀನಿಗೆ ಸಂಬಂಧಪಟ್ಟ ಮಕ್ಕಳು ಎಷ್ಟು ಎಂದು ಎಣಿಸುವುದು ಈ ಫಾರಂಗಳಿಂದಲೇ. ತುಂಬಿ ಸಹಿ ಹಾಕಿ ವಾಪಸ್ ಕಳಿಸಿ.

ಮನೆಯ ಹಿಂದಿನ ಕಣಿವೆ ಚೆಂದ ಇದೆ ಎಂದು ಬರೆದಿದ್ದೀರಿ. ನಿಜ, ಚೆಂದ ಇದೆ. ಆದರೆ ಇದನ್ನು ಮಗಳಿಗೆ ಮೊದಲ ದಿನವೇ ಹೇಳಿ. ಟಿಯೆರಾಸಾಂಟಾ ಇರುವ ಜಾಗ ಎರಡನೇ ಮಹಾಯುದ್ಧದ ಹೊತ್ತಿಗೆ ಕ್ಯಾಂಪ್ ಎಲಿಯಟ್ ಎಂಬ ಸೈನಿಕ ತರಬೇತಿ ನೆಲೆ. ಅಲ್ಲಿ ಹಾರಿಸಿದ ಫಿರಂಗಿ ಗುಂಡುಗಳಲ್ಲಿ ಸಿಡಿಯದೆ ಉಳಿದವು ಮಣ್ಣಿನಲ್ಲಿ ಹೂತು ಕೂತಿದ್ದವು. 1983ರಲ್ಲಿ ಆಡಲು ಹೋದ ಇಬ್ಬರು ಸಣ್ಣ ಹುಡುಗರು ಅಂಥ ಒಂದು ಗುಂಡು ಸಿಡಿದು ತೀರಿಕೊಂಡರು. ಆಮೇಲೆ ತುಂಬಾ ಹುಡುಕಿ ತೆಗೆದಿದ್ದಾರೆ. ಆದರೂ ಕಾಲುದಾರಿ ಬಿಟ್ಟು ಹೋಗಬಾರದು. ತುಕ್ಕು ಹಿಡಿದ ಕಬ್ಬಿಣ ಏನೇ ಕಂಡರೂ ಮುಟ್ಟದೆ, ಬಂದ ದಾರಿಯಲ್ಲೇ ಹಿಂದೆ ಬಂದು ಫೋನ್ ಮಾಡಬೇಕು. ಇಲ್ಲಿನ ಮಕ್ಕಳಿಗೆ ಇದನ್ನು ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತಾರೆ. ಹತ್ತನೇ ಕ್ಲಾಸಿಗೆ ಬಂದು ಸೇರುವ ಮಗುವಿಗೆ ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಮಿಕ್ಕಿದ್ದು ಸಣ್ಣಪುಟ್ಟದ್ದು. ಮಿರಾಮಾರ್ ನೆಲೆಯ ಯುದ್ಧವಿಮಾನಗಳ ಸದ್ದು ಇರುತ್ತದೆ, ತಿಂಗಳಿಗೆ ಅಭ್ಯಾಸ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಬೆಳಗ್ಗೆ 8.30ಕ್ಕಿಂತ ಮೊದಲು ಶುರು ಆಗುವ ಹಾಗಿಲ್ಲ, ಹಾಗಾಗಿ ತಿಂಡಿ ತಿಂದು ಹೋಗಲು ಸಮಯ ಸಿಗುತ್ತದೆ. ಸರ್ಕಾರಿ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಸಸ್ಯಾಹಾರವೂ ಇರುತ್ತದೆ. ಡಬ್ಬಿ ಕಟ್ಟುವುದಾದರೂ ಮೊದಲ ಕೆಲವು ದಿನ ಅವಳು ಆ ಊಟದ ಸಾಲಿನಲ್ಲೇ ನಿಲ್ಲಲಿ. ಮಾತು ಶುರುವಾಗುವುದೇ ಅಲ್ಲಿ.

ಬಂದ ವಾರವೇ ಶಾಲೆಗೆ ಹೋಗಿ, ಆಗಸ್ಟ್ ಬರಲಿ ಎಂದು ಕಾಯಬೇಡಿ. ಬೇಸಿಗೆಯಲ್ಲಿ ಮಿಲಿಟರಿ ವರ್ಗಾವಣೆಗಳು ಜಾಸ್ತಿ, ಕೌನ್ಸೆಲರ್ ಮುಂದೆ ಸಾಲು ಬೆಳೆಯುತ್ತದೆ. ಬಾಡಿಗೆ ಕರಾರು, ಕರೆಂಟ್ ಬಿಲ್, ಪಾಸ್‌ಪೋರ್ಟ್, ಲಸಿಕೆ ಕಾಗದ, ಮಾರ್ಕ್ಸ್ ಕಾರ್ಡ್ ಜೊತೆಗೆ ಇರಲಿ. ನಿಮಗೆ ಒಬ್ಬರೇ ಹೋಗಲು ಹಿಂಜರಿಕೆ ಆದರೆ ಹೇಳಿ, ನಾನು ಬರುತ್ತೇನೆ. ನಮ್ಮ ಮನೆಯಿಂದ ಶಾಲೆ ಹತ್ತು ನಿಮಿಷ. ಮಗಳಿಗೆ ಏನು ತಿಂಡಿ ಇಷ್ಟ ಎಂದೂ ಬರೆಯಿರಿ, ಅವತ್ತು ಮಾಡಿಕೊಂಡು ಬರುತ್ತೇನೆ.