ಅರೆಸ್ಟ್ ಆದ ಮೇಲೆ ಮೊದಲ ದಿನ ಜಡ್ಜ್ ನೋಡುವುದೇನು?

ಪ್ರಶ್ನೆ: ಹೊಡೆದಾಟದ ಕೇಸಿನಲ್ಲಿ ನನ್ನ ತಮ್ಮನನ್ನು ಶನಿವಾರ ಅರೆಸ್ಟ್ ಮಾಡಿದರು. ಭಾನುವಾರ ಜಡ್ಜ್ ಮನೆಗೆ ಕರೆದೊಯ್ದು ಐದೇ ನಿಮಿಷದಲ್ಲಿ ಜೈಲಿಗೆ ಕಳಿಸಿದರು. ಸಾಕ್ಷಿ ಕೇಳಲೇ ಇಲ್ಲ. ಇದು ಸರೀನಾ? ತಪ್ಪಾಯ್ತು ಅಂದಿದ್ದರೆ ಬಿಡ್ತಿದ್ರಾ?

ಉತ್ತರ: ತಪ್ಪಾಯ್ತು ಅಂದ ಮಾತ್ರಕ್ಕೆ ಬಿಡುವುದಿಲ್ಲ. ಅನ್ನದಿದ್ದುದೇ ಒಳ್ಳೆಯದಾಯಿತು. ಆ ದಿನ ನಡೆಯುವುದು ರಿಮ್ಯಾಂಡ್ ಅಷ್ಟೇ. ತನಿಖೆ ಮುಗಿಯುವವರೆಗೆ ಈ ಮನುಷ್ಯ ಎಲ್ಲಿರಬೇಕು, ಜೈಲಿನಲ್ಲೋ, ಪೊಲೀಸರ ವಶದಲ್ಲೋ, ಮನೆಯಲ್ಲೋ ಅಂತ ಜಡ್ಜ್ ನೋಡುತ್ತಾರೆ. ಸಾಕ್ಷಿಗಳ ಸರದಿ ಬರುವುದು ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಚಾರ್ಜ್‌ಶೀಟ್ (ಆರೋಪಪಟ್ಟಿ) ಕೊಟ್ಟು, ಆರೋಪ ಓದಿ ಹೇಳಿದ ಮೇಲೆ.

ಭಾನುವಾರ ಮನೆಗೇ ಕರೆದೊಯ್ದದ್ದೂ ಸರಿ. ಸಂವಿಧಾನದ 22ನೇ ವಿಧಿ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ರಜೆ ಅನ್ನುವ ನೆಪ ನಡೆಯುವುದಿಲ್ಲ.

ಆದರೆ ಐದು ನಿಮಿಷ ತಾನೇ ಅಂತ ಹಗುರವಾಗಿ ತಗೋಬೇಡಿ. ಯಾವಾಗ ಹಿಡಿದರು, ಹೊಡೆದರಾ, ಅರೆಸ್ಟಿಗೆ ಕಾರಣ ಹೇಳಿದರಾ, ಮನೆಯವರಿಗೆ ತಿಳಿಸಿದರಾ, ವಕೀಲರಿದ್ದಾರಾ ಅಂತೆಲ್ಲ ಜಡ್ಜ್ ಕೇಳಬೇಕು. ಪಕ್ಕದಲ್ಲೇ ಪೊಲೀಸರು ನಿಂತಿರುತ್ತಾರಲ್ಲ, ಆ ಭಯಕ್ಕೆ ಎಷ್ಟೋ ಜನ 'ಏನೂ ತೊಂದರೆ ಇಲ್ಲ ಸ್ವಾಮಿ' ಅಂದುಬಿಡುತ್ತಾರೆ. ಎಡವುವುದೇ ಅಲ್ಲಿ. ಪೆಟ್ಟು ಬಿದ್ದಿದ್ದರೆ ತೋರಿಸಬೇಕು, ಬರೆದುಕೊಂಡು ಡಾಕ್ಟರ್ ಹತ್ತಿರ ಕಳಿಸಿ ಅಂತ ಕೇಳಬೇಕು. ಶುಕ್ರವಾರ ಹಿಡಿದು ಶನಿವಾರ ಅಂತ ತೋರಿಸಿದ್ದರೆ ಅದನ್ನೂ ಹೇಳಬೇಕು. ಗಲಾಟೆಯ ವಿಷಯ ಮಾತ್ರ ವಕೀಲರನ್ನು ಕೇಳದೆ ಎತ್ತದಿರುವುದೇ ವಾಸಿ.

ವಕೀಲರಿಗೆ ದುಡ್ಡಿಲ್ಲವೇ? ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಈಗ ಎಫ್‌ಐಆರ್ ಪ್ರತಿ ತಗೊಂಡು ಸೆಕ್ಷನ್‌ಗಳನ್ನು ವಕೀಲರಿಗೆ ತೋರಿಸಿ. ಜಾಮೀನು ಸಿಗುವ ಅಪರಾಧವಾದರೆ ಬೇಲ್ ನಿಮ್ಮ ಹಕ್ಕು. ಜೈಲಿಗೆ ಕಳಿಸಿದ್ದಾರೆ ಅಂದರೆ ಬಹುಶಃ ಜಾಮೀನುರಹಿತ ಸೆಕ್ಷನ್ ಯಾವುದೋ ಇರಬೇಕು, ಆಗ ಅರ್ಜಿ ಹಾಕಿ ಕೇಳಬೇಕು, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಜಾಮೀನುದಾರರು ಬೇಕಾದರೆ ಆಧಾರ್, ಫೋಟೋ, ಪಹಣಿಯಂಥ ಆಸ್ತಿ ದಾಖಲೆ ಈಗಲೇ ಹೊಂದಿಸಿಡಿ. ಆರ್ಡರ್ ಆದಮೇಲೂ ಇಷ್ಟಕ್ಕೇ ಜೈಲಿನಲ್ಲಿ ಉಳಿದವರು ಜಾಸ್ತಿ.

ಒಂದು ಸಲಕ್ಕೆ 15 ದಿನಕ್ಕಿಂತ ಹೆಚ್ಚು ರಿಮ್ಯಾಂಡ್ ಮಾಡುವಂತಿಲ್ಲ. ಹಾಗಾಗಿ ಮುಂದಿನ ತಾರೀಕು ಬರೆದಿಟ್ಟುಕೊಳ್ಳಿ. 60 ದಿನ, ಗಂಭೀರ ಅಪರಾಧವಾದರೆ 90 ದಿನ ಕಳೆದರೂ ಚಾರ್ಜ್‌ಶೀಟ್ ಬರದಿದ್ದರೆ ಬೇಲ್ ಕೊಡಲೇಬೇಕು. ಆದರೆ ಸುಮ್ನೆ ಕೂತರೆ ಅದಾಗಿ ಬರುವುದಿಲ್ಲ, ಚಾರ್ಜ್‌ಶೀಟ್ ಬೀಳುವ ಮುಂಚೆಯೇ ಅರ್ಜಿ ಹಾಕಿರಬೇಕು.