ಹಬ್ಬದ ನಾಲ್ಕು ರಾತ್ರಿಗೆ ಕಾಯಬಲ್ಲ ಅಡುಗೆ

ತಂಗಿ, ದೀಪಾವಳಿಯ ನಾಲ್ಕು ದಿನ ಮನೆಯಲ್ಲಿ ಹನ್ನೆರಡು ಜನ, ಎರಡೇ ಒಲೆಯ ಗ್ಯಾಸ್ ಸ್ಟೌ, ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಮೂವರು ಸಣ್ಣ ಮಕ್ಕಳು. ಮಧ್ಯಾಹ್ನದ ಹಬ್ಬದಡುಗೆ ಹೇಗೋ ಸಾಗುತ್ತದೆ, ರಾತ್ರಿಗೆ ಏನು ಮಾಡಲಿ, ಹೋಟೆಲಿನಿಂದ ತರಿಸಿಬಿಡಲೇ ಎಂದು ಕೇಳಿದ್ದೀರಿ. ಮೇಲೆ ಉತ್ತರಿಸಿದವರು ಚಪಾತಿ ಸಾಗು, ಪಲಾವು, ಮಸಾಲೆ ದೋಸೆ ಎಂದೆಲ್ಲ ಬರೆದಿದ್ದಾರೆ. ಎಲ್ಲವೂ ಒಳ್ಳೆಯ ತಿಂಡಿಗಳೇ, ಆದರೆ ಹಬ್ಬದ ರಾತ್ರಿಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹನ್ನೆರಡು ಜನಕ್ಕೆ ಚಪಾತಿ ಎಂದರೆ ಕಡಿಮೆಯೆಂದರೂ ಮೂವತ್ತೈದು ಲಟ್ಟಿಸಬೇಕು. ಬೆಳಿಗ್ಗೆ ನಾಲ್ಕಕ್ಕೆದ್ದು ಹಂಡೆಗೆ ಉರಿ ಹಾಕಿದವರೇ ರಾತ್ರಿ ಒಂಬತ್ತಕ್ಕೆ ಕಾವಲಿಯ ಮುಂದೆ ನಿಂತಿರುತ್ತಾರೆ. ಉಳಿದವರು ಉಂಡು ಎದ್ದ ಮೇಲೆ ಅವರದು ಕಡೆಯ ಪಂಕ್ತಿ. ಎರಡನೆಯ ಮಾತು ಇನ್ನೂ ಮುಖ್ಯ. ಹಬ್ಬದ ರಾತ್ರಿ ಯಾರೂ ಒಟ್ಟಿಗೆ ಊಟಕ್ಕೆ ಕೂರುವುದಿಲ್ಲ. ಮಕ್ಕಳಿಗೆ ಏಳೂವರೆಗೇ ಹಸಿವು, ಹಿರಿಯರಿಗೆ ಎಂಟಕ್ಕೆ ಊಟವಾಗಬೇಕು, ಅಂಗಡಿಯ ಲಕ್ಷ್ಮೀಪೂಜೆ ಮುಗಿಸಿ ಬರುವವರು ಹತ್ತಾದರೂ ಬಂದಿರುವುದಿಲ್ಲ, ಬೆಂಗಳೂರಿನಿಂದ ಹೊರಟ ಬಸ್ಸು ಎಲ್ಲಿದೆಯೋ ಗೊತ್ತಿರುವುದಿಲ್ಲ. ನಮ್ಮ ತೀರ್ಥಹಳ್ಳಿ ಕಡೆ ಪಾಡ್ಯದ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುತ್ತಾರೆ. ಅವರ ಹಾಡು ಅಂಗಳಕ್ಕೆ ಬಂದಾಗ ಎಲ್ಲರೂ ಎಲೆಯ ಮುಂದಿನಿಂದ ಎದ್ದು ಹೊರಗೆ ಹೋಗುವವರೇ. ಹಾಗಾಗಿ ರಾತ್ರಿಯ ಅಡುಗೆಗೆ ರುಚಿಗಿಂತ ಮೊದಲು ಇರಬೇಕಾದ ಗುಣ ಕಾಯುವ ಗುಣ. ಏಳಕ್ಕೆ ಬಡಿಸಿದರೂ ಹತ್ತೂವರೆಗೆ ಬಡಿಸಿದರೂ ಅದೇ ರುಚಿ ಇರಬೇಕು.

ಕಾಯುವಂಥವು ಯಾವುವು? ಸಾರು, ಗೊಜ್ಜು, ತಂಬುಳಿ, ಗೊಜ್ಜವಲಕ್ಕಿ, ಸ್ವಲ್ಪ ಉಪಚಾರ ಮಾಡಿದರೆ ಹುಗ್ಗಿ. ಕಾಯದೆ ಕೆಡುವಂಥವು ದೋಸೆ, ಚಪಾತಿ, ಪೂರಿ, ಬನ್ಸಿ ರವೆಯ ಉಪ್ಪಿಟ್ಟು. ಪಲಾವು ಕಾಯುತ್ತದೆ, ಆದರೆ ಮಧ್ಯಾಹ್ನ ಕಜ್ಜಾಯ, ಹೋಳಿಗೆ, ಬೋಂಡ ತಿಂದ ಹೊಟ್ಟೆಗೆ ಚಕ್ಕೆ ಲವಂಗದ ಮಸಾಲೆಯನ್ನು ಮತ್ತೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಹೋಟೆಲಿನಿಂದ ತರಿಸುವುದು ತಪ್ಪೆಂದು ಹೇಳುತ್ತಿಲ್ಲ. ಮನೆಯಲ್ಲಿ ಯಾರಿಗೂ ಮೈ ಸರಿಯಿಲ್ಲದಿದ್ದರೆ ಖಂಡಿತ ತರಿಸಿ. ಸಾಮಾನ್ಯ ದಿನಗಳಲ್ಲಿ ಆಗುವ ಕೆಲಸಕ್ಕಿಂತ ಹೆಚ್ಚಿಲ್ಲದೆ ಮನೆಯಲ್ಲೇ ಆಗುತ್ತದೆಯಾದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಮೊದಲ ರಾತ್ರಿ, ನೀರು ತುಂಬುವ ಹಬ್ಬದಂದು, ಖಾರದ ಹುಗ್ಗಿ ಮಾಡಿ. ಊರಿನಿಂದ ಬರುವವರು ಬೇರೆ ಬೇರೆ ಹೊತ್ತಿಗೆ ಬಂದಿಳಿಯುವ ದಿನ ಅದು. ಹನ್ನೆರಡು ಜನಕ್ಕೆ ಅರ್ಧ ಕಿಲೋ ಅಕ್ಕಿ, 400 ಗ್ರಾಂ ಹೆಸರುಬೇಳೆ ಸಾಕು. ಬೇಳೆಯನ್ನು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿಯಬೇಕು, ಬಣ್ಣ ಕೆಂಪಾಗಬಾರದು. ಐದು ಲೀಟರಿನ ಕುಕ್ಕರಿನಲ್ಲಿ ಇಷ್ಟನ್ನೂ ಒಮ್ಮೆಲೇ ಹಾಕಬೇಡಿ. ಬೇಳೆ ನೊರೆ ಬಂದು ಸೀಟಿಯ ದಾರಿ ಕಟ್ಟಿಕೊಳ್ಳುತ್ತದೆ. ಇಂಥದ್ದನ್ನು ಬೇಯಿಸುವಾಗ ನೀರೂ ಸೇರಿ ಕುಕ್ಕರು ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಎರಡು ಸಲ ಬೇಯಿಸಿ, ಒಂದು ಪಾಲಿಗೆ ಮೂರೂವರೆ ಪಾಲು ನೀರಿಟ್ಟು. ಆಮೇಲೆ ದೊಡ್ಡ ಪಾತ್ರೆಗೆ ಸುರಿದು ಕುದಿಯುವ ನೀರು ಸೇರಿಸಿ ಸಡಿಲ ಮಾಡಿಕೊಳ್ಳಿ. ತುಪ್ಪದಲ್ಲಿ ಜೀರಿಗೆ, ತರಿತರಿಯಾಗಿ ಕುಟ್ಟಿದ ಕಾಳುಮೆಣಸು, ಶುಂಠಿ, ಇಂಗು, ಕರಿಬೇವು, ಒಂದು ಹಿಡಿ ಕೊಬ್ಬರಿ ಚೂರು. ಮಕ್ಕಳಿಗೆ ಕಾಳುಮೆಣಸು ಬೀಳುವ ಮುಂಚೆಯೇ ಒಂದು ಬಟ್ಟಲು ತೆಗೆದಿಟ್ಟುಬಿಡಿ.

ಹುಗ್ಗಿ ಆರುತ್ತ ಹೋದಂತೆ ಗಟ್ಟಿಯಾಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಪಕ್ಕದ ಒಲೆಯ ಮೇಲೆ ಬಿಸಿನೀರು ಇಟ್ಟಿರಿ. ತಡವಾಗಿ ಬರುವವರ ಪಾಲು ಎರಡು ಗಂಟೆಗಿಂತ ಹೆಚ್ಚು ಕಾಯಬೇಕಿದ್ದರೆ ಬೇಗ ಆರಿಸಿ ಫ್ರಿಜ್ಜಿಗಿಡಿ. ಅವರು ಬಂದಾಗ ಅದನ್ನು ಸಣ್ಣ ಪಾತ್ರೆಗೆ ತೆಗೆದು ಒಂದು ಸೌಟು ನೀರು, ಚಿಟಿಕೆ ಉಪ್ಪು ಹಾಕಿ ಕಲಕಿ ಕುದಿಸಿದರೆ ಹೊಸದಾಗಿ ಇಳಿಸಿದಂತೆಯೇ ಇರುತ್ತದೆ. ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಬಿಸಿಗೆ ಇಡಬೇಡಿ, ತಳ ಹತ್ತುತ್ತದೆ. ಜೊತೆಗೆ ಹುಣಸೆಹುಳಿ, ಬೆಲ್ಲ, ಸಾರಿನ ಪುಡಿಯ ಗೊಜ್ಜು. ಇದನ್ನು ಹಿಂದಿನ ದಿನವೇ ಕುದಿಸಿ ಗಾಜಿನ ಬಾಟಲಿಯಲ್ಲಿಟ್ಟರೆ ಹಬ್ಬವಿಡೀ ಉಪಯೋಗಕ್ಕೆ ಬರುತ್ತದೆ.

ಚತುರ್ದಶಿಯ ದಿನ ಬೆಳಗಿನ ಜಾವವೇ ಎಣ್ಣೆ ಸ್ನಾನ, ಮಧ್ಯಾಹ್ನ ಕರಿದ ಪದಾರ್ಥಗಳು. ಆ ರಾತ್ರಿ ಅನ್ನ, ಮೆಣಸಿನ ಸಾರು, ದೊಡ್ಡಪತ್ರೆ ತಂಬುಳಿ. ಇದಕ್ಕಿಂತ ಹೆಚ್ಚು ಏನನ್ನೂ ಮಾಡಬೇಡಿ ಎಂದು ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಒಂದು ಪಲ್ಯವನ್ನಾದರೂ ಮಾಡೋಣವೆಂದು ಯಾರಾದರೂ ಹೊರಟರೆ ಆ ರಾತ್ರಿಯ ಸುಖ ಹೋಯಿತು.

ತಂಬುಳಿಗೆ ಎರಡು ಹಿಡಿ ದೊಡ್ಡಪತ್ರೆ ಎಲೆ, ಒಂದು ಚಮಚ ಜೀರಿಗೆ, ಎಂಟು ಹತ್ತು ಕಾಳುಮೆಣಸು. ತುಪ್ಪದಲ್ಲಿ ಮೊದಲು ಮೆಣಸು ಜೀರಿಗೆ ಹುರಿದು, ಆಮೇಲೆ ಎಲೆ ಹಾಕಿ ಪೂರ್ತಿ ಬಾಡಿಸಿ. ಹಸಿ ವಾಸನೆ ಉಳಿದರೆ ಮಕ್ಕಳು ಮುಟ್ಟುವುದಿಲ್ಲ. ಅರ್ಧ ತೆಂಗಿನಕಾಯಿ ತುರಿಯ ಜೊತೆ ನುಣ್ಣಗೆ ರುಬ್ಬಿ. ಇಷ್ಟನ್ನು ಮಧ್ಯಾಹ್ನದ ರುಬ್ಬುವ ಕೆಲಸದ ಜೊತೆಗೇ ಮುಗಿಸಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ರಾತ್ರಿ ಉಳಿಯುವ ಕೆಲಸವೆಂದರೆ ಒಂದು ಲೀಟರ್ ಮಜ್ಜಿಗೆ, ಉಪ್ಪು, ಒಗ್ಗರಣೆ. ಮಜ್ಜಿಗೆ ಸೇರಿಸಿದ ಮೇಲೆ ಒಲೆಯ ಹತ್ತಿರ ಒಯ್ಯಬೇಡಿ, ಒಡೆದುಹೋಗುತ್ತದೆ. ತಂಪು ಆಗದ ಹಿರಿಯರಿದ್ದರೆ ರುಬ್ಬಿದ್ದನ್ನೂ ಮಜ್ಜಿಗೆಯನ್ನೂ ಊಟಕ್ಕೆ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಸಾಕು. ಮೆಣಸಿನ ಸಾರು ನಿಮಗೆ ಗೊತ್ತಿರುವುದೇ. ಒಂದೇ ಮಾತು, ಮೆಣಸು ಜೀರಿಗೆಯನ್ನು ಹಬ್ಬಕ್ಕೆ ಮುಂಚೆಯೇ ಹುರಿದು ಪುಡಿ ಮಾಡಿಟ್ಟುಕೊಳ್ಳಿ, ಆಗ ಸಾರು ಇಪ್ಪತ್ತು ನಿಮಿಷದ ಕೆಲಸ.

ಅನ್ನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಧ್ಯಾಹ್ನವೇ ಹೆಚ್ಚು ಬೇಯಿಸಿ ಪಾತ್ರೆಯಲ್ಲೇ ಮುಚ್ಚಿಟ್ಟು ರಾತ್ರಿ ಬಡಿಸುವ ರೂಢಿ ಬಹಳ ಮನೆಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಬೇಯಿಸಿದರೂ ಸಾಯದೆ ಉಳಿಯಬಲ್ಲವು. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅವು ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಬ್ಬದ ಮಾರನೆಯ ದಿನ ಮಕ್ಕಳು ವಾಂತಿ ಮಾಡಿಕೊಂಡರೆ ಎಲ್ಲರೂ ಸಿಹಿಯ ಮೇಲೆ ಹೇಳುತ್ತಾರೆ, ಅನ್ನದ ಪಾತ್ರೆಯನ್ನು ಯಾರೂ ನೆನೆಯುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ರಾತ್ರಿಗೆ ತಲೆಗೆ 60 ಗ್ರಾಂ ಅಕ್ಕಿಯ ಲೆಕ್ಕದಲ್ಲಿ ಹೊಸದಾಗಿಯೇ ಇಡಿ, ಮಧ್ಯಾಹ್ನ ಹೊಟ್ಟೆ ತುಂಬ ಉಂಡವರಿಗೆ ಅದು ಧಾರಾಳವಾಯಿತು. ತಡವಾಗಿ ಬರುವವರಿದ್ದರೆ ಅವರ ಪಾಲಿನ ಅಕ್ಕಿಯನ್ನು ತೊಳೆದು ಪ್ರತ್ಯೇಕವಾಗಿಟ್ಟು, ಅವರು ಕೈಕಾಲು ತೊಳೆಯಲು ಹೋದಾಗ ಕುಕ್ಕರು ಹತ್ತಿಸಿದರಾಯಿತು.

ಅಮಾವಾಸ್ಯೆಯ ರಾತ್ರಿ ಅನ್ನ ಉಣ್ಣದೆ ಫಲಾಹಾರ ಮಾಡುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೊಂದು, ಉಳಿದವರಿಗೊಂದು ಎಂದು ಎರಡು ಅಡುಗೆ ಮಾಡದೆ ಎಲ್ಲರಿಗೂ ಗೊಜ್ಜವಲಕ್ಕಿ ಮಾಡಿಬಿಡಿ. ಇದು ಹಬ್ಬದ ರಾತ್ರಿಗೆಂದೇ ಹುಟ್ಟಿದ ತಿಂಡಿ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಕಾದಷ್ಟೂ ರುಚಿ ಹೆಚ್ಚುತ್ತದೆ. ಮುಕ್ಕಾಲು ಕಿಲೋ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹದಕ್ಕೆ ಒಡೆಯಿರಿ, ಹಿಟ್ಟಾಗಬಾರದು. ಒಂದು ಲೋಟ ತರಿಗೆ ಸುಮಾರು ಒಂದು ಲೋಟ ಹುಣಸೆನೀರು. ಅದರಲ್ಲಿ ಬೆಲ್ಲ, ಉಪ್ಪು, ಸಾರಿನ ಪುಡಿ ಕರಗಿಸಿ ಬಾಯಿಗೆ ಹಾಕಿ ನೋಡಿದರೆ ಉಪ್ಪು ಹುಳಿ ಖಾರ ಮೂರೂ ಜೋರಾಗಿ ಹೊಡೆಯಬೇಕು. ನೀರಿನಲ್ಲಿ ಹದವಾಗಿ ಕಂಡರೆ ಅವಲಕ್ಕಿ ಕುಡಿದ ಮೇಲೆ ಸಪ್ಪೆಯಾಗುತ್ತದೆ. ಇಪ್ಪತ್ತು ನಿಮಿಷ ನೆನೆದ ಮೇಲೆ ಕೈಯಲ್ಲಿ ಉದುರಿಸಿ, ಶೇಂಗಾ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಹಾಕಿ, ಒಣಕೊಬ್ಬರಿ ತುರಿ ಸೇರಿಸಿ ಮುಚ್ಚಿಡಿ. ಹಸಿ ಕಾಯಿತುರಿ ಹಾಕುವುದಾದರೆ ಬಡಿಸುವಾಗ ಹಾಕಿ. ಸಂಜೆಯ ಪೂಜೆಗೆ ಮೊದಲೇ ಇಷ್ಟೂ ಮುಗಿದಿರುತ್ತದೆ, ಪೂಜೆಯಲ್ಲಿ ನೀವೂ ಕೂರಬಹುದು. ಮಕ್ಕಳಿಗೆ ಮೊಸರವಲಕ್ಕಿ.

ಪಾಡ್ಯಕ್ಕೆ ನಿಮ್ಮಲ್ಲಿ ಹೋಳಿಗೆ ಎಂದು ಬರೆದಿದ್ದೀರಿ. ಹಾಗಾದರೆ ರಾತ್ರಿಗೆ ಅನ್ನ, ಹೋಳಿಗೆ ಸಾರು; ಆ ಊಟ ಬೆಳಿಗ್ಗೆಯೇ ಅರ್ಧ ಆಗಿಹೋಯಿತು. ಹೂರಣಕ್ಕೆ ಒಂದು ಕಿಲೋ ಬೇಳೆ ಬೇಯಿಸುವಾಗ ನೀರಿಗೆ ಜಿಪುಣತನ ಬೇಡ. ಉಪ್ಪು ಹಾಕದೆ, ಚೂರು ಅರಿಶಿನ, ಒಂದು ಚಮಚ ಎಣ್ಣೆ ಹಾಕಿ, ತೆರೆದ ಪಾತ್ರೆಯಲ್ಲಿ ಮೂರು ಲೀಟರಿಗೆ ಕಡಿಮೆಯಿಲ್ಲದಂತೆ ನೀರಿಟ್ಟು ಬೇಯಿಸಿ. ಬೇಳೆ ಬೆರಳಿಗೆ ಹಿಸುಕಿದರೆ ನುಣ್ಣಗಾಗಬೇಕು, ಕರಗಿ ನೀರಿಗೆ ಸೇರಬಾರದು. ಬಸಿದ ಕಟ್ಟನ್ನು ಆರಿಸಿ ಕೂಡಲೇ ಫ್ರಿಜ್ಜಿಗಿಡಿ, ಅಡುಗೆಮನೆಯ ಸೆಕೆಯಲ್ಲಿ ಸಂಜೆಯೊಳಗೆ ಹುಳಿ ಬರುತ್ತದೆ. ಸಂಜೆ ಎರಡು ನಿಂಬೆ ಗಾತ್ರದ ಹುಣಸೆಯ ರಸ, ಸಾರಿನ ಪುಡಿ, ಅರ್ಧ ಕಾಯಿತುರಿಯನ್ನು ಜೀರಿಗೆಯ ಜೊತೆ ರುಬ್ಬಿದ್ದು, ಉಪ್ಪು, ಕರಿಬೇವು ಹಾಕಿ ಚೆನ್ನಾಗಿ ಕುದಿಸಿ. ಅತ್ತೆಯವರಿಗೆ ಬೇಕಾದಷ್ಟು ಸಾರನ್ನು ಈ ಹಂತದಲ್ಲಿ ಬೇರೆ ಪಾತ್ರೆಗೆ ತೆಗೆಯಿರಿ. ಆಮೇಲೆ ಉಳಿದದ್ದಕ್ಕೆ ಒಂದು ಹಿಡಿ ಹೂರಣ ಕದಡಿ ಹಾಕಿ ಇನ್ನೊಂದು ಕುದಿ. ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಎರಡಕ್ಕೂ. ಹಳೆಮೈಸೂರಿನ ಕಡೆಯವರು ಇದಕ್ಕೆ ಈರುಳ್ಳಿ ಬೆಳ್ಳುಳ್ಳಿ ಹುರಿದು ರುಬ್ಬುತ್ತಾರೆ, ಅದೂ ಬಹಳ ರುಚಿ; ನಿಮ್ಮ ಮನೆಯ ಪದ್ಧತಿಯಂತೆ ಮಾಡಿ. ಅತ್ತೆಯವರಿಗೆ ಅನ್ನ ಕಡಿಮೆ ಮಾಡಿ, ಹೀರೇಕಾಯಿಯೋ ಹುರುಳಿಕಾಯಿಯೋ ಒಂದು ಪಲ್ಯವನ್ನು ಮಧ್ಯಾಹ್ನದ್ದರಲ್ಲೇ ಎತ್ತಿಟ್ಟರೆ ಅವರ ಊಟವೂ ಪೂರ್ತಿಯಾಗುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅವರ ಊಟವನ್ನು ಮಾತ್ರ ಯಾರಿಗಾಗಿಯೂ ಕಾಯಿಸಬೇಡಿ, ಹೊತ್ತಿಗೆ ಸರಿಯಾಗಿ ಬಡಿಸಿ.

ಅಕ್ಕಿ ರೊಟ್ಟಿ ಮಾಡಲೇ ಎಂದೂ ಕೇಳಿದ್ದೀರಿ. ನೆಂಟರೆಲ್ಲ ಹೊರಟು ಮನೆಯವರಷ್ಟೇ ಉಳಿದ ರಾತ್ರಿಗೆ ಅದನ್ನು ಇಟ್ಟುಕೊಳ್ಳಿ. ಫ್ರಿಜ್ಜಿನಲ್ಲಿಟ್ಟ ಹಿಂದಿನ ಹೊತ್ತಿನ ಅನ್ನವನ್ನು ನುರಿದು ಹಿಟ್ಟಿಗೆ ಸೇರಿಸಿ ಸಬ್ಬಸಿಗೆ ಸೊಪ್ಪು, ಹಸಿಮೆಣಸು, ಕಾಯಿತುರಿ ಹಾಕಿ ತಟ್ಟಿದರೆ ರೊಟ್ಟಿ ಮೆತ್ತಗಿರುತ್ತದೆ.

ಮೇಲುಕೆಲಸ ಹಂಚುವುದರಲ್ಲಿ ಸಂಕೋಚ ಬೇಡ. ಕಾಯಿ ತುರಿಯುವುದು, ಕರಿಬೇವು ಬಿಡಿಸುವುದು, ಎಲೆ ಹಾಕುವುದು, ಬಡಿಸುವುದು ಇವಕ್ಕೆ ಅಡುಗೆ ಬರಬೇಕೆಂದಿಲ್ಲ; ಭಾವ, ಮೈದುನ, ದೊಡ್ಡ ಮಕ್ಕಳು ಯಾರಾದರೂ ಮಾಡಬಹುದು, ಮಾಡಲಿ. ದಿನಕ್ಕೆ ಬೇಕಾದ ಕಾಯಿಯನ್ನು ಬೆಳಿಗ್ಗೆ ಒಟ್ಟಿಗೇ ತುರಿಸಿ ರಾತ್ರಿಯ ಪಾಲನ್ನು ತಕ್ಷಣ ಫ್ರಿಜ್ಜಿಗೆ ಸೇರಿಸಿ. ಊಟಕ್ಕೆ ಬಾಳೆಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಇದ್ದರೆ ರಾತ್ರಿ ಹನ್ನೊಂದಕ್ಕೆ ತಟ್ಟೆ ತೊಳೆಯುವ ಕೆಲಸವೇ ಇಲ್ಲ. ಇನ್ನೊಂದು ಸಿಲಿಂಡರ್ ತುಂಬಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ.

ದೊಡ್ಡಪತ್ರೆ ನಿಮ್ಮ ಊರಿನಲ್ಲಿ ಸಿಗುವುದಿಲ್ಲವೇನೋ. ಸಿಗದಿದ್ದರೆ ಒಂದು ಸಣ್ಣ ಚಮಚ ಮೆಂತ್ಯವನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಒಂದು ಒಣಮೆಣಸಿನ ಜೊತೆ ಅದೇ ಅರ್ಧ ಕಾಯಿತುರಿಗೆ ರುಬ್ಬಿ ತಂಬುಳಿ ಮಾಡಿ. ಮೆಂತ್ಯ ಕಪ್ಪಾದರೆ ತಂಬುಳಿ ಕಹಿಯಾಗುತ್ತದೆ, ಹಾಗಾಗಿ ಬಣ್ಣ ತಿರುಗಿದ ಕೂಡಲೇ ಬಾಣಲೆ ಇಳಿಸಿ.