ತರಬೇತಿಗೆ ಸೇರಿಸುವ ಮುಂಚೆ ಮಗನನ್ನು ಊರೆಲ್ಲ ಒಂದು ಸುತ್ತು ಹಾಕಿಸಿ

ಅಕ್ಕಾ, ಮಗ ಬಿ.ಎ. ಮುಗಿಸಿ ಮನೆಯಲ್ಲೇ ಇದ್ದಾನೆ, ಸರ್ಕಾರದ ಉಚಿತ ತರಬೇತಿಗೆ ಸೇರಿಸಿದರೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಒಬ್ಬರು ಹೈನುಗಾರಿಕೆ ಕಲಿಸಿ ಅಂದಿದ್ದಾರೆ. ಇನ್ನೊಬ್ಬರು ಸುಮ್ನೆ ಬೆಂಗಳೂರಿಗೆ ಕಳಿಸಿ ಅಂದಿದ್ದಾರೆ. ನಾನು ಇದೇ ದಾರಿಯಲ್ಲಿ ಬಂದವನು. ಪಂಪ್‌ಸೆಟ್ ರಿಪೇರಿ, ಮೋಟರ್ ರಿವೈಂಡಿಂಗ್ (ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತುವುದು) ಕಲಿತು ಈಗ ಅದರಲ್ಲೇ ಜೀವನ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಈ ತರಬೇತಿಗಳಲ್ಲಿ ಎರಡು ಥರ ಇವೆ. ಒಂದು ಸಂಬಳದ ಕೆಲಸಕ್ಕೆ ಸೇರಿಸುವುದು, ಇನ್ನೊಂದು ಸ್ವಂತ ಕೆಲಸ ಶುರು ಮಾಡಿಸುವುದು. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಮೊದಲನೆಯದು. 2014ರಲ್ಲಿ ಶುರುವಾದದ್ದು, ಹಳ್ಳಿಯ ಬಡ ಮನೆಗಳ 15ರಿಂದ 35 ವರ್ಷದವರಿಗೆ. ಕಲಿಸಿದವರಲ್ಲಿ ನೂರಕ್ಕೆ ಕನಿಷ್ಠ 70 ಜನರಿಗೆ ಕೆಲಸ ಕೊಡಿಸಬೇಕು ಅಂತ ನಿಯಮವೇ ಇದೆ. ಆದರೆ ಕೆಲಸ ಸಾಮಾನ್ಯವಾಗಿ ಪಟ್ಟಣದಲ್ಲಿ. ಸೇರುವ ಮುಂಚೆ ಸಂಬಳ ಎಷ್ಟು, ರೂಮಿನ ಬಾಡಿಗೆ ಯಾರು ಕೊಡುತ್ತಾರೆ ಅಂತ ಬಾಯಿ ಬಿಟ್ಟು ಕೇಳಿ. ನನ್ನ ಚಿಕ್ಕಪ್ಪನ ಮಗ ಹೀಗೇ ಹೋಗಿ ಮೂರು ತಿಂಗಳಿಗೆ ವಾಪಸ್ ಬಂದ. ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ನಿಮಗೆ ಜಮೀನು, ಮನೆ ಎರಡೂ ಊರಲ್ಲೇ ಇರುವುದರಿಂದ ನಾನು ಎರಡನೆಯದನ್ನೇ ಹೇಳುತ್ತೇನೆ. ಧರ್ಮಸ್ಥಳದವರೂ ಸಿಂಡಿಕೇಟ್, ಕೆನರಾ ಬ್ಯಾಂಕಿನವರೂ ಸೇರಿ 1982ರಲ್ಲಿ ಉಜಿರೆಯಲ್ಲಿ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಶುರು ಮಾಡಿದರು. ಅದನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರ್ಕಾರ ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ ತೆರೆಸಿತು. ನಡೆಸುವುದು ಬ್ಯಾಂಕಿನವರು. 18 ವರ್ಷ ತುಂಬಿದ ಯುವಕ ಯುವತಿಯರು ಸೇರಬಹುದು. ಕಲಿಕೆ, ಊಟ, ವಸತಿ ಯಾವುದಕ್ಕೂ ದುಡ್ಡಿಲ್ಲ. ಹೈನುಗಾರಿಕೆ, ಕುರಿ ಸಾಕಣೆ, ಜೇನು, ಅಣಬೆ ಇವೆಲ್ಲ 10 ದಿನ. ಹೊಲಿಗೆ, ಮೊಬೈಲ್ ರಿಪೇರಿ, ಬೈಕ್ ರಿಪೇರಿ, ಮೋಟರ್ ರಿವೈಂಡಿಂಗ್ 30 ದಿನ. ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಿರುತ್ತಾರೆ. ನನಗೆ ಫೋನ್ ಬಂದಾಗ ಯಾರೋ ಸಾಲ ವಸೂಲಿಯವರು ಅಂತ ಮೊದಲೆರಡು ಸಲ ಎತ್ತಿರಲಿಲ್ಲ!

ಅಲ್ಲಿ ಬೆಳಿಗ್ಗೆ ಎದ್ದು ಕಸ ಗುಡಿಸಿಸುತ್ತಾರೆ. ನಿನ್ನೆ ಏನು ಕಲಿತೆ ಅಂತ ಎಲ್ಲರ ಮುಂದೆ ನಿಂತು ಹೇಳಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಎಡಗೈಯಲ್ಲಿ ಮರದ ತುಂಡು ಜೋಡಿಸುವ ಆಟ ಆಡಿಸುತ್ತಾರೆ. ಇದೇನು ಮಕ್ಕಳಾಟ ಅಂತ ನಾನು ನಕ್ಕಿದ್ದೆ. ಆದರೆ ಮಾರ್ಕೆಟ್ ಸರ್ವೆಗೆ ಅಂಗಡಿ ಅಂಗಡಿಗೆ ಕಳಿಸಿದಾಗ ಬಾಯಿ ತೆರೆಯಲು ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

ಈಗ ಮುಖ್ಯ ವಿಷಯ. ಯಾವುದು ಕಲಿಯಬೇಕು ಅಂತ ಪಟ್ಟಿ ನೋಡಿ ಆರಿಸಬೇಡಿ. ಮಗನಿಗೆ ಒಂದು ವಾರ ಸುತ್ತಲಿನ ಐದಾರು ಊರು ಸುತ್ತಲು ಹೇಳಿ. ಏನು ಕೆಟ್ಟು ನಿಂತಿದೆ, ಯಾವುದಕ್ಕೆ ಜನ ಪೇಟೆಗೆ ಹೋಗಿ ಕಾಯುತ್ತಿದ್ದಾರೆ ಅಂತ ಬರೆದುಕೊಳ್ಳಲಿ. ನಮ್ಮ ಕಡೆ ವೋಲ್ಟೇಜ್ ಇಳಿದು, ಇಲ್ಲಾ ಒಂದು ಫೇಸ್ ಹೋಗಿ ಮೋಟರ್ ಸುಡುವುದು ಮಾಮೂಲಿ. ಬೇಸಿಗೆಯಲ್ಲಿ ರಿವೈಂಡಿಂಗ್‌ಗೆ ಪೇಟೆಯಲ್ಲಿ ಕೊಟ್ಟರೆ ನಾಲ್ಕು ದಿನ. ಅಷ್ಟರಲ್ಲಿ ಬೆಳೆ ಬಾಡುತ್ತದೆ. ಇದನ್ನು ನೋಡಿಯೇ ನಾನು ಆ ಕೋರ್ಸ್ ಹಿಡಿದೆ. ನನ್ನ ಜೊತೆ ಮೊಬೈಲ್ ರಿಪೇರಿ ಕಲಿತವನ ಊರಲ್ಲಿ ಆಗಲೇ ಮೂರು ಅಂಗಡಿ ಇದ್ದವು. ಅವನು ಅಂಗಡಿ ಹಾಕಲೇ ಇಲ್ಲ.

30 ದಿನಕ್ಕೆ ಕೈ ಕೂರುವುದಿಲ್ಲ, ಅದೂ ತಿಳಿದಿರಲಿ. ಊರಿಗೆ ಬಂದು ನಾನು ಬಿಚ್ಚಿದ ಮೊದಲ ಮೋಟರಿನಲ್ಲಿ ಹಳೇ ಸುತ್ತು ಎಣಿಸದೇ ತಂತಿ ಕಿತ್ತುಬಿಟ್ಟೆ. ಅಂದಾಜಿಗೆ ಸುತ್ತಿದೆ, ಎರಡೇ ದಿನಕ್ಕೆ ಮತ್ತೆ ಸುಟ್ಟಿತು. ತಾಮ್ರದ ದುಡ್ಡು ನನ್ನ ತಲೆಗೇ ಬಂತು. ಆಮೇಲೆ ಪೇಟೆಯ ಒಬ್ಬ ಮೇಸ್ತ್ರಿ ಹತ್ತಿರ ಆರು ತಿಂಗಳು ಕಡಿಮೆ ಕೂಲಿಗೆ ದುಡಿದೆ. ನಿಜವಾಗಿ ಕಲಿತದ್ದು ಆಗಲೇ.

ಸಾಲಕ್ಕೆ ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಇದೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಯೋಜನೆಯ ಖರ್ಚಿನ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಶೇ. 35 ಸಬ್ಸಿಡಿ. 3 ಲಕ್ಷದ ಯೋಜನೆ ಹಾಕಿದರೆ ಶೇ. 35ರ ಲೆಕ್ಕದಲ್ಲಿ 1,05,000 ಆಗುತ್ತದೆ, ಕೈಯಿಂದ ಹಾಕಬೇಕಾದ್ದು ಶೇ. 5, ಅಂದರೆ 15,000. ಆದರೆ ಆ ಸಬ್ಸಿಡಿ ಕೈಗೆ ಬರುವುದಿಲ್ಲ ಅಕ್ಕಾ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿ ಇರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಕೆಲಸ ನಡೆಯುತ್ತಿದ್ದರೆ ಕೊನೆಗೆ ಸಾಲಕ್ಕೆ ವಜಾ. ನನ್ನ ಅರ್ಜಿಯನ್ನು ಒಂದು ಶಾಖೆಯಲ್ಲಿ ಜಾಮೀನಿಗೆ ಜಮೀನು ಕೊಡಿ ಅಂತ ವಾಪಸ್ ಕಳಿಸಿದ್ದರು. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗೆ ಜಾಮೀನು ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ತರಬೇತಿ ಕೇಂದ್ರದವರೇ ಬಂದು ಮಾತಾಡಿದ ಮೇಲೆ ಕೆಲಸ ಆಯಿತು. ಆ ಕೇಂದ್ರದ ನಿಜವಾದ ಬೆಲೆ ನನಗೆ ಗೊತ್ತಾದದ್ದು ಅವತ್ತು.

ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಭತ್ಯೆಯೂ ಇದೆ: 2022-23 ಅಥವಾ ಆಮೇಲೆ ಪಾಸಾಗಿ, 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಎರಡು ವರ್ಷದವರೆಗೆ ಮಾತ್ರ. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ. ಬರುವುದಿದ್ದರೆ ಬಿಡಬೇಡಿ, ಓಡಾಟದ ಖರ್ಚಿಗಾದರೂ ಆಗುತ್ತದೆ.

ಯಾರಾದರೂ ಸೀಟು ಕೊಡಿಸುತ್ತೇನೆ, ಸರ್ಟಿಫಿಕೇಟ್ ಕೊಡಿಸುತ್ತೇನೆ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ನಾಲ್ಕು ಫೋಟೋ ಹಿಡಿದುಕೊಂಡು ಮಗನೇ ಆರ್‌ಸೆಟಿಗೆ ಹೋಗಲಿ, ನೀವು ಜೊತೆಗೆ ಹೋಗುವುದು ಬೇಡ. ಮುಂದಿನ ಬ್ಯಾಚ್ ಯಾವಾಗ ಅಂತ ಅವನೇ ಕೇಳಿಕೊಂಡು ಬರಲಿ. ಒಂದು ವೇಳೆ ಅವನೂ ರಿವೈಂಡಿಂಗೇ ಹಿಡಿದರೆ, ಹಿತ್ತಲಲ್ಲಿ ಬಿದ್ದಿರುವ ಹಳೇ ಮೋಟರನ್ನು ಗುಜರಿಗೆ ಹಾಕಬೇಡಿ. ಮೊದಲು ಅದನ್ನೇ ಬಿಚ್ಚಲಿ. ಸುತ್ತು ಎಣಿಸಿಕೊಂಡು!